ಗಾಳಿ ಗಿಡಕ್ಕೆ ಎರಡು ಡಬ್ಬಿ ನೀರು

"ಸುರವಲೇ ಹೊಲ್ಯಾನ ಮಗನ, ಸುರವು! ನಿಮ್ಮವ್ವ ಸರಕಾರಿ ಗಿಡದ ನೀರ ಕದ್ದ ತಂಬಗಿ ತುಂಬ್ಕೊಂಡಾಳ. ನಿನ್ನ ಕೈಲೇ ಗಿಡದ ಬುಡಕ್ಕ ಸುರವು!"

ತಳವಾರ ಗುಡ್ಡಪ್ಪ ಬಡಿಗೆಯ ತುದಿಯಿಂದ ನನ್ನ ಅವ್ವ ಕರೆವ್ವನ ಸೆರಗನ್ನು ಎತ್ತಿ ಹಿಡಿದಿದ್ದ. ಕೈಯಿಂದ ಎತ್ತಿದರೆ ಮೈಲಿಗೆ, ಬಡಿಗೆಯಿಂದ ಎತ್ತಿದರೆ ಏನೂ ಆಗುವುದಿಲ್ಲ. ಸೆರಗಿನೊಳಗೆ ತಂಬಿಗೆ ಇತ್ತು. ಮನೆಯಲ್ಲಿ ನನ್ನ ಹೆಂಡತಿ ಸತ್ತೆವ್ವ ಹಡೆದು ಒಂಬತ್ತು ದಿನವಾಗಿತ್ತು. ವಾಂತಿ ಭೇದಿ ಹತ್ತಿ ಅವಳ ಕಣ್ಣು ಒಳಗೆ ಹೋಗಿದ್ದವು, ಎದೆಯಲ್ಲಿ ಹಾಲು ಬತ್ತಿತ್ತು. ಆ ತಂಬಿಗೆ ನೀರು ಅವಳಿಗಾಗಿ.

ಅವ್ವ ನನ್ನ ಮುಖ ನೋಡಿದಳು. ನಾನು ತಂಬಿಗೆ ಇಸಿದುಕೊಂಡು ಗಿಡದ ಬುಡಕ್ಕೆ ಸುರುವಿದೆ. ಮೂವತ್ತು ವರ್ಷದ ಗಂಡಸು, ಇದೇ ಕೈಯಿಂದ. ಹೇಸಿಕೆ ಅಂದರೇನು ಅಂತ ಯಾರಾದರೂ ಕೇಳಿದರೆ ನನಗೆ ಮೊದಲು ಈ ಕೈ ನೆನಪಾಗುತ್ತದೆ, ಹಳ್ಳದಲ್ಲಿ ಕೊಳೆತ ಎಮ್ಮೆ ಆಮೇಲೆ.

ಆ ಗಿಡ ನಮ್ಮೂರಿಗೆ ಬಂದದ್ದು ಹಿಂದಿನ ಮಳೆಗಾಲದಲ್ಲಿ. ವನಮಹೋತ್ಸವ ಅಂತ ಗೋಕಾಕದಿಂದ ಮಾಮಲೇದಾರ ಸಾಹೇಬರು ಬಂದರು, ಹಿಂದೆ ಒಂದು ಲಾರಿ ಸಸಿ. ಸಸಿಗೆ ಎಲೆಯೆಂಬುದೇ ಇಲ್ಲ, ಬರೀ ಹಸಿರು ದಾರ. ಕೌಜಲಗಿ ರಸ್ತೆಯ ಎರಡೂ ಬಾಜೂ ನಲವತ್ತು ಗುಂಡಿ ತೋಡಿದವರು ನಾವು, ಬಿಟ್ಟಿ. ಹಾರ ಹಾಕಿಸಿಕೊಂಡವನು ಊರ ಗೌಡ.

"ಇದು ಗಾಳಿ ಗಿಡ," ಅಂದರು ಸಾಹೇಬರು. "ಕಾರವಾರದ ಕಡೆ ಸಮುದ್ರದ ದಂಡಿ ಮ್ಯಾಲ ಬೆಳೀತೈತಿ. ಉಪ್ಪಿಗೆ ಅಂಜೂದಿಲ್ಲ, ಬಿರುಗಾಳಿಗೆ ಬಗ್ಗೂದಿಲ್ಲ. ಭಾಳ ಗಟ್ಟಿ ಗಿಡ. ಎಲ್ಲಿ ಹಚ್ಚಿದ್ರೂ ಬರ್ತೈತಿ."

ಅವ್ವ ಬುಟ್ಟಿ ಕೆಳಗಿಟ್ಟು ದೂರದಿಂದಲೇ ಕೇಳಿದಳು. "ಉಸುಕಿನ್ಯಾಗ ಬೆಳದ ಗಿಡ ಅಂತೀರಿ. ಇದು ಎರಿ ಭೂಮಿ ಐತ್ರೀ ಯಪ್ಪಾ, ಕುಡದ ನೀರ ಬಿಡೂದಿಲ್ಲ. ಬೇರ ಕೊಳೀತಾವ. ನಮ್ಮ ಕೇರಿ ಕಡೆ ಹಳ್ಳದ ದಂಡಿಗೆ ಉಸುಕೈತಿ, ಅಲ್ಲಿ ಹಚ್ಚಿದ್ರ..."

"ಕೇಳಿದ್ರ್ಯಾ ಸಾಹೇಬ್ರ! ಹೊಲಗೇರಿಗೆ ನೆರಳ ಬೇಕಂತ!" ಗೌಡ ಹೊಟ್ಟೆ ಕುಣಿಸಿ ನಕ್ಕ. "ಸರಕಾರಕ್ಕ ಬುದ್ಧಿ ಹೇಳಾಕ ಬಂದಾಳ ಮುದುಕಿ. ಬುಟ್ಟಿ ಎತ್ತ ಬೋಸುಡಿ, ಮಣ್ಣ ಹೊರು."

ಸಾಹೇಬರು ನಕ್ಕರು. ನಾವೂ ನಕ್ಕೆವು. ಗೌಡ ನಕ್ಕರೆ ಅವನ ಕೂಡ ನಗುವುದು ನಮಗೆ ತಾಯಿ ಹೊಟ್ಟೆಯಿಂದ ಬಂದ ವಿದ್ಯೆ.

ಬೇಸಿಗೆ ಹತ್ತಿತು. ಒಂದು ಗಿಡ ಒಣಗಿದರೂ ಗೌಡನ ಮರ್ಯಾದೆ ಹೋಗುತ್ತದೆ. ಗಿಡಕ್ಕೆ ದಿನಾ ಎರಡು ಡಬ್ಬಿ ನೀರು ಹಾಕಬೇಕು ಅಂತ ಹುಕುಂ ಆಯಿತು. ಸೀಮೆಎಣ್ಣೆಯ ಹಳೇ ಡಬ್ಬಿ ಬಂದವು. ಗುಡ್ಡಪ್ಪ ಅದೇ ರಸ್ತೆಯ ಬದಿಯ ಊರ ಬಾವಿಯ ಕಟ್ಟೆ ಮೇಲೆ ನಿಂತು ಕೊಡದಿಂದ ಸೇದಿ ಮೇಲಿಂದ ಸುರಿಯುವನು, ನಾವು ಕೆಳಗೆ ಡಬ್ಬಿ ಹಿಡಿದು ಹೊರುವೆವು. ಹುಟ್ಟಿದಾಗಿನಿಂದ ನಮ್ಮ ಬಾಯಿಗೆ ಬೀಳದ ನೀರು ನಮ್ಮ ತಲೆಯ ಮೇಲೆ ಕೂತು ಗಿಡಕ್ಕೆ ಹೋಗುತ್ತಿತ್ತು. ಅವ್ವ ಒಮ್ಮೆ ಕೇಳಿದ್ದಳು, ಒಂದು ಕೊಡ ನಮಗೂ ಹಾಕು ಅಂತ.

"ಗಿಡಕ್ಕ ಹುಕುಂ ಐತಿ," ಅಂದ ಗುಡ್ಡಪ್ಪ. "ನಿಮಗಿಲ್ಲ."

ನಮಗೆ ಹಳ್ಳವಿತ್ತು. ಉಸುಕಿನಲ್ಲಿ ವರ್ತಿ ತೋಡಿ, ಒಸರಿದ್ದನ್ನು ಬಟ್ಟಲಿನಿಂದ ತುಂಬಿಕೊಳ್ಳುತ್ತಿದ್ದೆವು. ಅದನ್ನೂ ಗೌಡ ಹೊಲಸು ಮಾಡಿಸಿದ. ಬಾಬಾಸಾಹೇಬರು ತೀರಿಕೊಂಡ ಮೇಲೆ ಕೇರಿಯವರೆಲ್ಲ ಕೂಡಿ ಆಣೆ ಮಾಡಿದ್ದೆವು. ಇನ್ನು ಸತ್ತ ದನ ಎಳೆಯುವುದಿಲ್ಲ, ಅದರ ಬಾಡು ತಿನ್ನುವುದಿಲ್ಲ. ಗೌಡನ ಎಮ್ಮೆ ಸತ್ತಿತು. ಕರೆ ಬಂತು, ನಾವು ಹೋಗಲಿಲ್ಲ. ಸಂಜೆಗೆ ಅವನು ತನ್ನದೇ ಎತ್ತು ಹೂಡಿಸಿ ಆ ಎಮ್ಮೆಯನ್ನು ಎಳೆಸಿ ತಂದು ನಮ್ಮ ವರ್ತಿಯ ಮೇಲ್ಗಡೆಯ ಮಡುವಿಗೆ ಹಾಕಿಸಿದ.

"ಎಳ್ಯಾಕ ಬರೂದಿಲ್ಲಲ್ಲ? ಹಂಗಾರ ಕುಡೀರಿ," ಅಂದ.

ಅದನ್ನು ಎಳೆದು ಹಾಕಿದರೆ ಆಣೆ ಮುರಿಯಬೇಕು. ಬಿಟ್ಟರೆ ಅದನ್ನೇ ಕುಡಿಯಬೇಕು. ಅದರ ಮೇಲ್ಗಡೆ ಗೌಡನ ಹೊಲ, ಅಲ್ಲಿ ಕಾಲಿಡುವ ಹಾಗಿಲ್ಲ. ಎಮ್ಮೆ ಉಬ್ಬಿತು, ಒಡೆಯಿತು. ನೀರಿನ ಮೇಲೆ ಜಿಡ್ಡು ತೇಲಿತು. ಬಟ್ಟೆಯಲ್ಲಿ ಸೋಸಿದರೆ ಬಟ್ಟೆಯ ಮೇಲೆ ಬಿಳಿ ಹುಳ ಹೊರಳಾಡುತ್ತಿದ್ದವು. ಅವನ್ನು ಕೊಡವಿ ಕುಡಿದೆವು. ಸತ್ತೆವ್ವ ಕುಡಿದದ್ದೂ ಅದನ್ನೇ.

ನಾನು ತಂಬಿಗೆ ಸುರುವಿದ ಮೂರನೆಯ ದಿನಕ್ಕೆ ಕೂಸು ಸತ್ತಿತು. ಹೆಣ್ಣು. ಮರುದಿನ ತೊಟ್ಟಿಲಿಗೆ ಹಾಕಿ ಹೆಸರಿಡುವುದಿತ್ತು. ಹಳ್ಳದ ಆಚೆ ಮಣ್ಣು ಮಾಡಿ ಬಂದು ಕೂತಿದ್ದೆ, ಬಾಗಿಲಲ್ಲಿ ಗುಡ್ಡಪ್ಪ ಕೂಗಿದ, ಗೌಡರು ಕರೆಯುತ್ತಾರೆ ಅಂತ.

"ಏನಲೇ ಮಾಯ್ಯಾ, ಇವತ್ತ ನಿಮ್ಮ ಮನ್ಯಾವರು ಒಬ್ರೂ ನೀರಿಗೆ ಬಂದಿಲ್ಲ?"

"ಕೂಸ ಹೋತ್ರಿ."

"ಹೋದ್ರ ಇನ್ನೊಂದ ಹಡೀರಿ. ಹಂದಿಗತೆ ಹಡೀತೀರಿ, ನಿಮಗೇನ ಬರಗಾಲ? ಗಿಡ ಸತ್ರ ಸಾಹೇಬ್ರಿಗೆ ನಾ ಏನ ಹೇಳ್ಲಿ, ನಿಮ್ಮಪ್ಪ ಹೇಳ್ತಾನೇನ? ನಡಿ, ಡಬ್ಬಿ ಎತ್ತ."

ನಾನು ಡಬ್ಬಿ ಎತ್ತಿದೆ.

ಅವ್ವ ಮಾತ್ರ ಅವತ್ತಿನಿಂದ ಬೇರೆ ದಾರಿ ಹಿಡಿದಳು. ತಂಬಿಗೆ ಸಿಕ್ಕಿಬೀಳುತ್ತದೆ, ಒದ್ದೆ ಸೆರಗು ಸಿಕ್ಕಿಬೀಳುವುದಿಲ್ಲ. ತಲೆಯ ಮೇಲಿನ ಡಬ್ಬಿಯೊಳಗೆ ಸೆರಗಿನ ತುದಿ ಇಳಿಬಿಟ್ಟುಕೊಂಡು ನಡೆಯುತ್ತಿದ್ದಳು. ಬಿಸಿಲಿಗೆ ತಲೆ ಸುಡುತ್ತದೆ ಅಂದರೆ ಗುಡ್ಡಪ್ಪ ನಂಬುತ್ತಿದ್ದ. ಗಿಡಕ್ಕೆ ಸುರಿದು, ಹೊರಕಡೆಗೆ ಅಂತ ಹೇಳಿ ಮನೆಗೆ ಬಂದು ಗಡಿಗೆಯ ಮೇಲೆ ಸೆರಗು ಹಿಂಡುತ್ತಿದ್ದಳು. ಬೆವರು, ಮಣ್ಣು, ಸೀಮೆಎಣ್ಣೆ ವಾಸನೆ ಎಲ್ಲ ಕೂಡಿದ ನೀರು. ಸತ್ತೆವ್ವ ಮೂಗು ಮುಚ್ಚಿಕೊಂಡು ಕುಡಿದಳು. ಎಂಟು ದಿನಕ್ಕೆ ಭೇದಿ ನಿಂತಿತು, ಗೋಡೆ ಹಿಡಿದು ಎದ್ದು ಕೂತಳು. ಕೇರಿಯ ಹೆಂಗಸರೆಲ್ಲ ಸೆರಗು ತೋಯಿಸತೊಡಗಿದರು.

ಸಾಹೇಬರು ಮತ್ತೆ ಬಂದರು. ರಸ್ತೆಯ ಎರಡೂ ಬಾಜೂ ಗಿಡಗಳು ತುಕ್ಕು ಹಿಡಿದ ತಂತಿಯಂತೆ ನಿಂತಿದ್ದವು. ನಲವತ್ತರಲ್ಲಿ ಮೂವತ್ತೇಳು ಸತ್ತಿದ್ದವು. ಸಾಹೇಬರು ಒಂದನ್ನು ಹಿಡಿದು ಜಗ್ಗಿದರು, ಹಂಗೇ ಕಿತ್ತು ಬಂತು. ಬೇರು ಕಪ್ಪಗೆ, ಲೋಳೆಯಾಗಿ ನಾರುತ್ತಿತ್ತು. ಆ ನಾತ ನಮಗೇನು ಹೊಸದಲ್ಲ.

"ಎಷ್ಟ ನೀರ ಹಾಕಿದ್ರಿ?"

"ದಿನಾ ಎರಡೆರಡ ಡಬ್ಬಿ ಸಾಹೇಬ್ರ," ಗೌಡ ಕೈ ಕಟ್ಟಿ ನಿಂತಿದ್ದ. "ಒಂದ ದಿನಾ ತಪ್ಪಸಿಲ್ರಿ."

"ಅದಕ್ಕ ಸತ್ತಾವ! ಇದು ಎರಿ ಭೂಮಿ, ನೀರ ನಿಂತ ಬೇರ ಕೊಳತಾವ. ನೀರ ಕುಡಿಸಿ ಕುಡಿಸಿ ಕೊಂದೀರಲ್ರೀ ಗೌಡ್ರ."

ಈ ಮಾತನ್ನು ಅವ್ವ ಗುಂಡಿ ತೋಡಿದ ದಿನವೇ ಹೇಳಿದ್ದಳು. ಅವಳು ಈಗಲೂ ಡಬ್ಬಿ ಹಿಡಿದು ಕಟ್ಟೆಯ ಕೆಳಗೆ ನಿಂತಿದ್ದಳು, ಯಾರೂ ಅವಳ ಕಡೆ ನೋಡಲಿಲ್ಲ.

"ಉಳದ ಮೂರಕ್ಕ ನೀರ ಬ್ಯಾಡ," ಸಾಹೇಬರು ಕೈ ಒರೆಸಿಕೊಂಡರು. "ಗಟ್ಟಿ ಗಿಡ, ತಾನ ಬದಕತೈತಿ."

ಗೌಡನಿಗೆ ಮುಖಭಂಗವಾಗಿತ್ತು. ಅದನ್ನು ಯಾರ ಮೇಲಾದರೂ ಕಕ್ಕಬೇಕಲ್ಲ. "ಈ ಹೊಲ್ಯಾರ ಕೈ ಸೋಂಕಿ ಗಿಡ ಸತ್ವು. ಗುಡ್ಡ್ಯಾ, ಎಲ್ಲಾ ಡಬ್ಬಿ ಕಸಗೋ. ಇವತ್ತಿಂದ ಒಬ್ಬ ಹಾಟ್ಯಾನೂ ಬಾವಿ ಕಡೆ ಸುಳೀಬಾರದು."

ಸೆರಗು ಹಿಂಡಿದ ನೀರೂ ಹೋಯಿತು. ನಾಳೆಯಿಂದ ಸತ್ತೆವ್ವನಿಗೆ ಮತ್ತೆ ಎಮ್ಮೆಯ ಮಡು.

"ಡಬ್ಬಿ ಇಡಬೇ ಮುದುಕಿ," ಅಂದ ಗುಡ್ಡಪ್ಪ.

ಅವ್ವ ಇಡಲಿಲ್ಲ. "ಸಾಹೇಬ್ರ, ಗಿಡ ಗಟ್ಟಿ ಅಂದ್ರಿ. ಖರೆ ಇದ್ದೀತು. ನನ್ನ ಸೊಸಿ ಗಟ್ಟಿಯಿಲ್ರಿ," ಅಂದಳು. ಕಟ್ಟೆ ಹತ್ತಿದಳು. ಗುಡ್ಡಪ್ಪನ ಕೊಡದಿಂದ ಹಗ್ಗ ಬಿಚ್ಚಿ ಡಬ್ಬಿಗೆ ಬಿಗಿದಳು, ಬಾವಿಗೆ ಬಿಟ್ಟಳು.

"ಬಾವಿ ಕೆಡಿಸಿದ್ಲು! ಹೊಡೀರಿ!" ಗೌಡ ಚೀರಿದ. ಸಾಹೇಬರು ಗಡಿಯಾರ ನೋಡಿಕೊಂಡು ಜೀಪು ಹತ್ತಿದರು.

ಹಗ್ಗ ಅವ್ವನ ಕೈಯಿಂದ ಜಾರುತ್ತಿತ್ತು. ನಾನು ಯಾವಾಗ ಕಟ್ಟೆ ಹತ್ತಿದೆನೋ ಗೊತ್ತಿಲ್ಲ. ಹಗ್ಗ ಹಿಡಿದು ಎಳೆದೆ. ಬೆನ್ನ ಮೇಲೆ ಬಡಿಗೆ ಬಿತ್ತು, ಮತ್ತೆ ಬಿತ್ತು. ಡಬ್ಬಿ ಮೇಲೆ ಬಂತು. ಅವ್ವ ಅದನ್ನು ತಲೆಯ ಮೇಲಿಟ್ಟುಕೊಂಡು ಊರ ನಡುವಿನ ದಾರಿಯಲ್ಲೇ ನಡೆದಳು. ಮುಟ್ಟಿಸಿಕೊಂಡೇವು ಅಂತ ಅಂಜಿ ಜನ ಹಿಂದೆ ಸರಿದರು. ಅವರ ಹೇಸಿಕೆಯೇ ನಮಗೆ ದಾರಿ ಬಿಟ್ಟಿತು.

ಮನೆಯಲ್ಲಿ ಸತ್ತೆವ್ವ ತಂಬಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ಕುಡಿಯತೊಡಗಿದಳು. ಊರ ಕಡೆಯಿಂದ ಗದ್ದಲ ಹತ್ತಿರ ಬರುತ್ತಿತ್ತು, ಗುಡ್ಡಪ್ಪನ ದನಿ ಎಲ್ಲಕ್ಕಿಂತ ಮೇಲೆ. ಆ ನಲವತ್ತು ಗುಂಡಿ ತೋಡಿದ ಗುದ್ದಲಿ ಮೂಲೆಯಲ್ಲಿತ್ತು. ಅದನ್ನು ತೆಗೆದುಕೊಂಡು ನಾನು ಬಾಗಿಲಲ್ಲಿ ನಿಂತೆ.

ಹಿಂದೆ ಅವ್ವ ಎರಡನೆಯ ತಂಬಿಗೆ ತುಂಬುತ್ತಿದ್ದಳು.