ನಾಳೆಯ ಗಂಟು

ಅಮ್ಮ ಇಸ್ತ್ರಿ ಮಾಡಿದ ಹಾಸುಬಟ್ಟೆಯನ್ನು ಮೇಸ್ತ್ರಿ ಕಿಟಕಿಯ ಬೆಳಕಿಗೆ ಹಿಡಿದ. ನಟ್ಟನಡುವೆ ಒಂದು ಸುಕ್ಕು, ಹಾವಿನ ಮರಿಯ ಹಾಗೆ ಮಲಗಿತ್ತು.

"ಅಕ್ಕ, ಈ ವಾರ ಇದು ಆರನೇದು. ಕಣ್ಣು ಕಾಣಲ್ವಾ?"

"ಕಾಣತ್ತಪ್ಪ. ಹಬೆ ಅಡ್ಡ ಬಂತು."

ಹಬೆಯಲ್ಲ, ಪೊರೆ. ಎಡಗಣ್ಣು ಮೊದಲಿನಿಂದಲೂ ಮಂಜು. ಈಗ ಬಲಗಣ್ಣೂ ಮುಚ್ಚಿಕೊಳ್ಳುತ್ತಿತ್ತು. ಹೋಟೆಲುಗಳ ಬಟ್ಟೆ ಒಗೆಯುವ ಆ ಶೆಡ್ಡಿನಲ್ಲಿ ಅಮ್ಮ ಹದಿನೆಂಟು ವರ್ಷದಿಂದ ಇಸ್ತ್ರಿಗೆ ನಿಂತವಳು. ಪಕ್ಕದಲ್ಲಿ ಮಡಿಚುವವಳು ನಾನು. ಅಲ್ಲಿಯ ಲೆಕ್ಕ ಸರಳ. ದಿನಕ್ಕೊಂದು ಗಂಟು ಬಟ್ಟೆ. ಮೈಯಲ್ಲಿ ಕಸುವಿದ್ದ ದಿನ ನಾಳೆಯ ಗಂಟನ್ನೂ ಇವತ್ತೇ ಮುಗಿಸಿಟ್ಟರೆ ನಾಳೆ ಬರಬೇಕಿಲ್ಲ, ಕೂಲಿಯೂ ಕಡಿತವಾಗುವುದಿಲ್ಲ. ಸಿಡುಕು ಮೋರೆಯ ಮೇಸ್ತ್ರಿಯೂ ಆ ಮಾತಿಗೆ ಎಂದೂ ತಪ್ಪಿದವನಲ್ಲ.

ಆಸ್ಪತ್ರೆಯಲ್ಲಿ ಕಣ್ಣಿನ ಆಪರೇಷನ್ನಿಗೆ ನಲವತ್ತೆಂಟು ಸಾವಿರ ಅಂದರು. ಮೇಸ್ತ್ರಿಯ ಕೈಕಾಲು ಹಿಡಿದು ಸಂಬಳದ ಚೀಟಿ ಬರೆಸಿಕೊಂಡು ಬ್ಯಾಂಕಿಗೆ ಹೋದೆವು. ಟೈ ಕಟ್ಟಿದವನೊಬ್ಬ ಎರಡು ಕಾಗದ ಹರಡಿದ.

"ಇದು ಪರ್ಸನಲ್ ಲೋನು. ಎರಡು ವರ್ಷ, ಬಡ್ಡಿ ಎಂಟು ಸಾವಿರದ ನಾನೂರು. ಇದು ಕ್ರೆಡಿಟ್ ಕಾರ್ಡು. ಹನ್ನೆರಡು ತಿಂಗಳು, ತಿಂಗಳಿಗೆ ನಾಲ್ಕು ಸಾವಿರ. ಬಡ್ಡಿ ಸೊನ್ನೆ!"

"ಸೊನ್ನೆ ಅಂದ್ರೆ ಸೊನ್ನೇನಾ?" ಅಮ್ಮ ಕೇಳಿದಳು.

"ಸೊನ್ನೆ ಅಂದ್ರೆ ಸೊನ್ನೆ ಅಮ್ಮ."

ಅಮ್ಮ ನನ್ನನ್ನು ಪಕ್ಕಕ್ಕೆ ಎಳೆದಳು. "ಲೋನೇ ಇರಲಿ ಕಣೇ. ಅದು ಕಚ್ಚುತ್ತೆ, ಆದರೆ ಎಲ್ಲಿ ಕಚ್ಚುತ್ತೆ ಅಂತ ಹೇಳಿ ಕಚ್ಚುತ್ತೆ."

ನನಗೆ ಅಜ್ಜಿ ಹೇಳುತ್ತಿದ್ದ ಕತೆ ನೆನಪಾಗಬೇಕಿತ್ತು. ಒಬ್ಬ ರಾಕ್ಷಸ ಹಸಿದವರನ್ನು ಕರೆದು ಪುಕ್ಕಟೆ ಊಟ ಹಾಕುತ್ತಿದ್ದನಂತೆ. ಷರತ್ತು ಒಂದೇ: ಏಳುವವರೆಗೆ ಮಾತಾಡಬಾರದು. ಹೊಟ್ಟೆ ತುಂಬಿದ ಮರ್ಯಾದಸ್ಥೆಯೊಬ್ಬಳು ಕೈ ಅಡ್ಡ ಹಿಡಿದು "ಸಾಕಪ್ಪ" ಅಂದಳಂತೆ. ಅವನು ಅವಳನ್ನೇ ನುಂಗಿದನಂತೆ.

ನೆನಪಾಗಲಿಲ್ಲ. ನಾನು ಆ ಸೊನ್ನೆಯನ್ನೇ ನೋಡುತ್ತಿದ್ದೆ. ಹುಣ್ಣಿಮೆ ಚಂದ್ರನ ಹಾಗೆ ದುಂಡಗಿತ್ತು. "ಕಾರ್ಡೇ ಇರಲಮ್ಮ" ಅಂದೆ.

ಆಪರೇಷನ್ ಆಗಿ ಕಣ್ಣಿನ ಪಟ್ಟಿ ಬಿಚ್ಚಿದ ದಿನ ಅಮ್ಮ ನನ್ನ ಮುಖ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು.

"ಅಯ್ಯೋ, ನಿನಗೆ ಬಿಳಿ ಕೂದಲು ಬಂದಿದೆಯಲ್ಲೇ! ಹೇಳ್ಲೇ ಇಲ್ಲ!"

ನಾಲ್ಕು ತಿಂಗಳು ತಪ್ಪದೆ ಕಟ್ಟಿದೆವು. ಐದನೇ ತಿಂಗಳು ಹೋಟೆಲುಗಳೆಲ್ಲ ತುಂಬಿದವು. ಅಮ್ಮ ಹೊಸ ಕಣ್ಣಿನ ಹುರುಪಿನಲ್ಲಿ ದಿನಕ್ಕೆರಡು ಗಂಟು ಮುಗಿಸಿದಳು. ಕೈಗೆ ಬಂದ ಎರಡರಷ್ಟು ಕೂಲಿಯನ್ನು ಮನೆಗೆ ತಂದರೆ ಕರಗುತ್ತದೆಂದು ನೇರ ಬ್ಯಾಂಕಿಗೆ ಹೋಗಿ ಎಂಟು ಸಾವಿರ ಕಟ್ಟಿದಳು.

"ಮುಂದಿನ ತಿಂಗಳದ್ದೂ ಮುಗೀತು. ನಾಳೆಯ ಗಂಟು ಇವತ್ತೇ!" ಅಂದು ಕಾಲು ಚಾಚಿದಳು.

ಆರನೇ ತಿಂಗಳು ನಾವು ಕಟ್ಟಲಿಲ್ಲ. ಏಳನೇ ತಿಂಗಳು ಕಾಗದ ಬಂತು. ಬಡ್ಡಿ ಮತ್ತು ದಂಡ: ಎಂಟು ಸಾವಿರದ ಏಳುನೂರು. ಇನ್ನು ಮುಂದೆಯೂ ಬಡ್ಡಿ.

ಬ್ಯಾಂಕಿನಲ್ಲಿ ಟೈ ಕಟ್ಟಿದವನಿರಲಿಲ್ಲ. ಕೌಂಟರಿನ ಹುಡುಗಿ ಕಂಪ್ಯೂಟರ್ ನೋಡಿದಳು.

"ಆರನೇ ತಿಂಗಳು ಕಟ್ಟಿಲ್ಲ."

"ಐದನೇ ತಿಂಗಳೇ ಎರಡೂ ಸೇರಿಸಿ ಕಟ್ಟಿದೀನಲ್ಲ ಮಗಳೇ," ಅಮ್ಮ ಅಂದಳು.

"ಅದು ಐದನೇ ತಿಂಗಳಿಗೇ ಹೋಗುತ್ತೆ."

"ಮುಂಚೆ ಕೊಟ್ಟಿದ್ದು ತಪ್ಪಾ?"

"ತಪ್ಪಲ್ಲಮ್ಮ. ಆದರೆ ಆ ತಿಂಗಳದ್ದು ಆ ತಿಂಗಳೇ ಬರಬೇಕು. ನೀವು ಸಹಿ ಹಾಕಿದ್ದರಲ್ಲೇ ಇದೆ, ನೋಡಿ." ಇರುವೆ ಸಾಲಿನಂಥ ಅಕ್ಷರಗಳ ಕಾಗದವನ್ನು ಮುಂದೆ ತಳ್ಳಿದಳು. ಅವಳ ಕಣ್ಣೂ ನಿದ್ದೆಗೆಟ್ಟು ಕೆಂಪಾಗಿತ್ತು. ಬೈಯುವುದು ಯಾರನ್ನು?

ನಾನು ಕಾಗದಕ್ಕೆ ಕೈ ಚಾಚಿದೆ. ಅಮ್ಮ ತಡೆದಳು.

"ನಾನೇ ಓದ್ತೀನಿ. ಈ ಕಣ್ಣಿಗೇ ತಾನೇ ಸಾಲ ಮಾಡಿದ್ದು?"

ಅಕ್ಷರಕ್ಕೆ ಅಕ್ಷರ ಕೂಡಿಸುತ್ತ, ಇಡೀ ಹಾಲಿಗೆ ಕೇಳುವ ಹಾಗೆ ಓದಿದಳು. "ಯಾವುದೇ ತಿಂಗಳ ಕಂತು ಆಯಾ ತಿಂಗಳೇ ಪಾವತಿಯಾಗದಿದ್ದಲ್ಲಿ... ಬಡ್ಡಿರಹಿತ ಸೌಲಭ್ಯ ರದ್ದಾಗಿ... ಮೊದಲ ದಿನದಿಂದಲೇ ಬಡ್ಡಿ..."

ಸಾಲಿನಲ್ಲಿ ನಿಂತವರು ಕತ್ತು ಚಾಚಿದರು. ನಮ್ಮ ಹಿಂದೆ ನಿಂತವನು ಟೈಲ್ಸ್ ಕೂರಿಸುವವನು. ಉಗುರಿನ ಸಂದಿಯಲ್ಲಿ ಸಿಮೆಂಟು, ಕೈಯಲ್ಲಿ ಅದೇ ಕಾರ್ಡಿನ ಅರ್ಜಿ.

"ಇನ್ನೊಂದ್ಸಲ ಓದಿ ಅಕ್ಕ."

ಅಮ್ಮ ಇನ್ನೂ ಗಟ್ಟಿಯಾಗಿ ಓದಿದಳು. "ಲೋನ್ ತಗೋಳಪ್ಪ. ಇದು ಬೇಡ."

"ಲೋನಿಗೆ ಸಂಬಳದ ಚೀಟಿ ಕೇಳ್ತಾರಕ್ಕ. ದಿನಗೂಲಿಯವನಿಗೆ ಯಾರು ಬರೆದುಕೊಡ್ತಾರೆ? ಹೆಂಡ್ತಿ ಆಸ್ಪತ್ರೆಯಲ್ಲಿ ಮಲಗಿದಾಳೆ." ಅವನು ಜೇಬು ತಡವಿದ. "ಪೆನ್ನಿದೆಯಾ?"

ಅಮ್ಮ ಚೀಲದಿಂದ ಪೆನ್ನು ತೆಗೆದು ಕೊಟ್ಟಳು. ಅವನು ಬಗ್ಗಿ ಸಹಿ ಹಾಕಿದ. ಅಮ್ಮನಿಗೆ ಒಂದೊಂದಕ್ಷರವೂ ಸ್ಪಷ್ಟವಾಗಿ ಕಂಡಿತು.