ನಾಲ್ಕನೆಯ ಚೌಕ

"ಲತಾ ಮೇಡಂ, ಇಲ್ಲಿ ನೋಡಿ. ನಿಮ್ಮ ತಂದೆ ಕಣ್ರೀ!"

ಸ್ಟಾಫ್ ರೂಮಿನಲ್ಲಿ ಅನುಸೂಯಮ್ಮ ಟೀಚರು ಊಟದ ಡಬ್ಬಿಗಳ ಮೇಲಿಂದ ಮೊಬೈಲು ಚಾಚಿದಾಗ ಲತಾಮಣಿ ಚಪಾತಿ ಮುರಿಯುತ್ತಿದ್ದಳು. ಕೈ ಒರೆಸಿಕೊಂಡು ಫೋನು ತೆಗೆದುಕೊಂಡಳು. ಪರದೆಯ ಮೇಲೆ ನಾಲ್ಕು ಚೌಕಗಳ ಚಿತ್ರಕಥೆ ಇತ್ತು. ಮೊದಲನೆಯದರಲ್ಲಿ ಗುಂಡುತಲೆಯ ಹುಡುಗನೊಬ್ಬ ಖಾಲಿ ಕೊಡ ಹಿಡಿದು ಬಾವಿಯ ಮುಂದೆ ನಿಂತಿದ್ದ. ಎರಡನೆಯದರಲ್ಲಿ ಬಾವಿಯ ಸುತ್ತ ಬೂದುಬಣ್ಣದ ನೆರಳುಗಳು, ಅವುಗಳ ತಲೆಯ ಮೇಲೆ 'ಇಲ್ಲ' ಎಂಬ ಒಂದೇ ಮಾತು. ಮೂರನೆಯದರಲ್ಲಿ ಹುಡುಗ ಗುದ್ದಲಿ ಹಿಡಿದು ನಗುತ್ತಿದ್ದ. ನಾಲ್ಕನೆಯದು ಹಳದಿ ಬೆಳಕಿನಿಂದ ತುಂಬಿಹೋಗಿತ್ತು. ಹೊಸ ಬಾವಿ, ಉಕ್ಕುವ ನೀರು, ಪಕ್ಕದಲ್ಲಿ ಎರಡೆಲೆಯ ಸಸಿ. ಕೆಳಗೆ ದುಂಡಕ್ಷರದಲ್ಲಿ, 'ಕೆಂಚಯ್ಯ ಕೋಪಿಸಿಕೊಳ್ಳಲಿಲ್ಲ. ತಮ್ಮ ಬಾವಿ ತಾವೇ ತೋಡಿಕೊಂಡರು. ನಿಮಗೆ ಯಾರಾದರೂ ಇಲ್ಲ ಎಂದರೆ ನೀವೂ ಒಂದು ಬಾವಿ ತೋಡಿ!'

ಹುಡುಗನಿಗೆ ಮೂಗಿರಲಿಲ್ಲ. ಕಣ್ಣಿನ ಜಾಗದಲ್ಲಿ ಎರಡು ಚುಕ್ಕಿ, ಕೆನ್ನೆಯ ಮೇಲೆ ಎರಡು ಗುಲಾಬಿ ಬೊಟ್ಟು. ಬಾವಿಯಲ್ಲಿ ನೀರು ಯಾಕೆ ಕೊಡಲಿಲ್ಲ ಎಂಬುದು ನಾಲ್ಕು ಚೌಕಗಳಲ್ಲಿ ಎಲ್ಲಿಯೂ ಇರಲಿಲ್ಲ.

"ನಲವತ್ತು ಸಾವಿರ ಜನ ಲೈಕ್ ಮಾಡಿದಾರೆ," ಎಂದರು ಅನುಸೂಯಮ್ಮ. "ನಮ್ಮ ತ್ರಿಶಾ ಬರೆದಿರೋದು. ನೀವೇ ಅಲ್ವಾ ಅವಳಿಗೆ ಚಿತ್ರ ಕಲಿಸಿದ್ದು?"

ಹೌದು, ಅವಳೇ. ಬೇಲೂರಿನ ಆ ಪ್ರೌಢಶಾಲೆಯಲ್ಲಿ ಲತಾಮಣಿ ಹದಿನೆಂಟು ವರ್ಷದಿಂದ ಚಿತ್ರಕಲೆಯ ಟೀಚರು. ಹಳೇಬೀಡಿನಿಂದ ಬಸ್ಸಿನಲ್ಲಿ ಬರುತ್ತಿದ್ದ ತ್ರಿಶಾಳಂಥ ಕೈ ಮತ್ತೊಂದನ್ನು ಅಷ್ಟು ವರ್ಷದಲ್ಲಿ ಅವಳು ಕಂಡಿರಲಿಲ್ಲ. ಈಗ ಆ ಹುಡುಗಿ 'ಹೊಂಗಿರಣ' ಎಂಬ ಹೆಸರಿನಲ್ಲಿ ವಾರಕ್ಕೆ ಮೂರು ಸ್ಫೂರ್ತಿಯ ಚಿತ್ರಕಥೆ ಹಾಕುತ್ತಿದ್ದಳು.

ಅಷ್ಟರಲ್ಲಿ ಹೆಡ್‌ಮಾಸ್ಟರ್ ಚೇತನ್‌ಕುಮಾರ್ ಬಾಗಿಲಲ್ಲೇ ನಿಂತು ಹೇಳಿದರು: "ಮೇಡಂ, ಇದನ್ನ ನಮ್ಮ ಕಾಂಪೌಂಡ್ ಗೋಡೆ ಮೇಲೆ ಬರೆಸೋದು ಅಂತ ತೀರ್ಮಾನ ಆಗಿದೆ. ಶನಿವಾರದಿಂದ ತ್ರಿಶಾನೇ ಬಂದು ಶುರು ಮಾಡ್ತಾಳೆ. ವಾರ್ಷಿಕೋತ್ಸವದ ದಿನ ನಿಮ್ಮ ತಂದೇನ ಕರ್ಕೊಂಡು ಬನ್ನಿ. ಶಾಲು ಹೊದಿಸೋಣ."

"ಆಗಲಿ ಸಾರ್," ಎಂದಳು ಲತಾಮಣಿ. ಅರ್ಧ ತಿಂದ ಡಬ್ಬಿ ಮುಚ್ಚಿದಳು.

ಸಂಜೆ ಅವಳು ಮನೆಗೆ ಬಂದಾಗ ಕೆಂಚಯ್ಯ ಹಜಾರದಲ್ಲಿ ಪೇಪರು ಓದುತ್ತಿದ್ದರು. ಅರಸೀಕೆರೆಯ ಆಫೀಸಿನಿಂದ ಅವಳ ಗಂಡ ಬರುವುದಕ್ಕೆ ಇನ್ನೂ ಹೊತ್ತಿತ್ತು. ಗಂಡಸಿ ಕಡೆಯ ಹಳ್ಳಿಗಳಲ್ಲಿ ಮೂವತ್ತು ವರ್ಷ ಟಪಾಲು ಹಂಚಿದ ಮನುಷ್ಯ ಕೆಂಚಯ್ಯ. ಎಪ್ಪತ್ತೈದಾದರೂ ಬೆನ್ನು ಬಾಗಿರಲಿಲ್ಲ. ಲತಾಮಣಿ ಫೋನನ್ನು ಅವರ ಕೈಗೆ ಕೊಟ್ಟಳು.

"ಇದ್ಯಾರವ್ವ ಈ ಮಗ?"

"ನೀನೇ ಕಣಪ್ಪ. ಗಂಡಸಿ ಕಡೆ ಹಳ್ಳೀಲಿ ಆ ಬಾವಿ ವಿಷಯ. ತ್ರಿಶಾ ಅಂತ ನನ್ನ ಸ್ಟೂಡೆಂಟು ಬರ್ದಿದಾಳೆ."

ಕೆಂಚಯ್ಯ ಫೋನನ್ನು ದೂರ ಹಿಡಿದರು, ಹತ್ತಿರ ತಂದರು. "ನಾನು ಇಷ್ಟು ಬೆಳ್ಳಗಿದ್ನಾ?" ಎಂದು ನಕ್ಕರು. ಆಮೇಲೆ, ಓದು ಬಾರದವರಿಗೆ ಕಾಗದ ಓದಿ ಹೇಳುತ್ತಿದ್ದ ಕಾಲದ ಹಾಗೆ, ಕೆಳಗಿನ ಸಾಲುಗಳ ಮೇಲೆ ಬೆರಳಿಟ್ಟು ಗಟ್ಟಿಯಾಗಿ ಓದತೊಡಗಿದರು. "ಕೆಂಚಯ್ಯ ಕೋಪಿಸಿಕೊಳ್ಳಲಿಲ್ಲ." ಬೆರಳು ಅಲ್ಲೇ ನಿಂತಿತು. ಪರದೆ ತಾನಾಗಿ ಆರಿಹೋಗುವವರೆಗೂ ಅವರು ಮುಂದಿನ ಸಾಲಿಗೆ ಹೋಗಲಿಲ್ಲ.

"ಇದ್ನ ಯಾರವ್ವ ಹೇಳಿದ್ದು?"

"ಅವಳೇ ಏನೋ ಬರ್ಕೊಂಡಿದಾಳೆ." ಲತಾಮಣಿ ಬ್ಯಾಗಿನಿಂದ ಡಬ್ಬಿ ತೆಗೆಯುತ್ತ ಹೇಳಿದಳು. "ಶಾಲೆ ಗೋಡೆ ಮೇಲೂ ಬರೆಸ್ತಾರಂತೆ. ನಿನಗೆ ಶಾಲು ಹೊದಿಸ್ತಾರಂತೆ."

"ಈ ಹುಡುಗನ್ಗೇ ಹೊದಿಸ್ಲಿ," ಎಂದು ಕೆಂಚಯ್ಯ ಫೋನನ್ನು ಟೀಪಾಯಿಯ ಮೇಲಿಟ್ಟರು. "ಅವನ್ಗೇ ಸರಿ. ನಾನ್ಯಾಕೆ ಬರ್ಲಿ?" ಚಪ್ಪಲಿ ಮೆಟ್ಟಿಕೊಂಡು ಹೊಳೆಯ ಕಡೆ ತಿರುಗಾಡಲು ಹೊರಟುಹೋದರು.

ಮಾರನೆಯ ದಿನ ಸಂಜೆ ಶಾಲೆ ಬಿಟ್ಟ ಕೂಡಲೇ ಲತಾಮಣಿ ಹಳೇಬೀಡಿನ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಮನಸ್ಸಿನಲ್ಲೇ ಜೋಡಿಸಿಕೊಂಡಳು. ಸಿಟ್ಟು ಹದವಾಗಿ ಕಾದಿತ್ತು.

ತ್ರಿಶಾಳ ಅಪ್ಪ ಪದ್ಮಣ್ಣನವರ ದಿನಸಿ ಅಂಗಡಿಯ ಮೇಲೆಯೇ ಅವರ ಮನೆ. ತಾಯಿ ಜಿನಮತಿ, "ಬನ್ನಿ ಮೇಡಂ, ಅಪರೂಪ," ಎಂದು ಕಾಫಿ ಕೊಟ್ಟು ಒಳಗೆ ಹೋದರು. ಕಿಟಕಿಯ ಪಕ್ಕದ ಮೇಜಿನ ಮೇಲೆ ತ್ರಿಶಾಳ ಟ್ಯಾಬ್ ಬೆಳಗುತ್ತಿತ್ತು. ಮೂಗಿಲ್ಲದ ಹೊಸ ಮುಖವೊಂದು ಅದರಲ್ಲಿ ಅರ್ಧ ಬರೆದು ನಿಂತಿತ್ತು.

"ಮೇಡಂ, ನೋಡಿದ್ರಾ? ಅಜ್ಜ ಏನಂದ್ರು?"

ಲತಾಮಣಿ ಕಾಫಿ ಲೋಟ ಮೇಜಿನ ಮೇಲಿಟ್ಟಳು. "ತ್ರಿಶಾ, ಎರಡು ವರ್ಷ ನಿನ್ನ ಕೈಲಿ ಬರೀ ಕೈಗಳನ್ನೇ ಬರೆಸಿದ್ದೆ. ನೆನಪಿದೆಯಾ? ಹೂ ಕಟ್ಟೋರ ಕೈ, ಕಂಡಕ್ಟರ್ ಕೈ. ಈ ಹುಡುಗನ ಬೆರಳೆಲ್ಲಿ?"

"ಅದು ಸ್ಟೈಲು ಮೇಡಂ. ಫೋನಲ್ಲಿ ಅಷ್ಟು ಡೀಟೇಲ್ ಕಾಣ್ಸಲ್ಲ. ಜನ ಎರಡು ಸೆಕೆಂಡ್ ನೋಡ್ತಾರೆ ಅಷ್ಟೆ."

"ಬೆರಳಿಲ್ಲದ ಕೈಲಿ ಗುದ್ದಲಿ ಹೇಗೆ ಹಿಡಿಯೋದು?" ಲತಾಮಣಿ ಟ್ಯಾಬನ್ನು ಎಳೆದುಕೊಂಡು ಹಳೆಯ ಚಿತ್ರಗಳನ್ನು ಒಂದೊಂದಾಗಿ ಸರಿಸಿದಳು. ಹೂ ಮಾರುವ ವಿಧವೆ, ಕಣ್ಣಿಲ್ಲದ ಹಾಡುಗಾರ, ಎಸ್ಸೆಸ್ಸೆಲ್ಸಿಯಲ್ಲಿ ಫೇಲಾದ ಹುಡುಗ. "ನೋಡೇ ಇಲ್ಲಿ. ಎಲ್ಲರಿಗೂ ಒಂದೇ ಮುಖ. ಜಡೆ ಹಾಕಿದ್ರೆ ಹೆಂಗಸು, ಕೋಲು ಕೊಟ್ರೆ ಮುದುಕ. ಎಲ್ಲರ ಕಷ್ಟಾನೂ ಮೂರನೇ ಚೌಕಕ್ಕೆ ಮುಗಿದುಹೋಗುತ್ತೆ. ನಾಲ್ಕನೇದರಲ್ಲಿ ಬಿಸಿಲು ಬರುತ್ತೆ, ಉಪದೇಶ ಬರುತ್ತೆ. ಕಷ್ಟ ಕೊಟ್ಟೋರು ಮಾತ್ರ ಬರೀ ನೆರಳು. ಅವರಿಗೆ ಮುಖಾನೇ ಇಲ್ಲ."

ತ್ರಿಶಾಳ ಮುಖ ಕೆಂಪಾಯಿತು. ಅವಳು ಫೋನು ತೆಗೆದು ಒಂದು ಸಂದೇಶ ತೋರಿಸಿದಳು. ಹಾರನಹಳ್ಳಿಯ ಹುಡುಗಿಯೊಬ್ಬಳು ಬರೆದಿದ್ದಳು. ನರ್ಸಿಂಗ್ ಪರೀಕ್ಷೆಯಲ್ಲಿ ಮೂರು ಸಲ ಫೇಲಾಗಿ ಪುಸ್ತಕ ಮುಟ್ಟುವುದನ್ನೇ ಬಿಟ್ಟಿದ್ದಳಂತೆ. ಈ ಬಾವಿಯ ಚಿತ್ರ ನೋಡಿ ಮತ್ತೆ ಓದಲು ಕೂತಳಂತೆ.

"ಇದು ಸುಳ್ಳಾ ಮೇಡಂ?"

ಲತಾಮಣಿ ಆ ಸಂದೇಶವನ್ನು ಎರಡು ಸಲ ಓದಿ ಫೋನು ಹಿಂದಿರುಗಿಸಿದಳು. ಆದರೂ ಬಿಡಲಿಲ್ಲ. "ನಮ್ಮಪ್ಪನಿಗೆ ಕೋಪ ಬರಲಿಲ್ಲ ಅಂತ ನಿನಗೆ ಹೇಳಿದ್ಯಾರು?"

ತ್ರಿಶಾ ಅಚ್ಚರಿಯಿಂದ ಅವಳನ್ನೇ ನೋಡಿದಳು. "ನೀವೇ ಮೇಡಂ."

"ನಾನಾ?"

"ನಾನು ಒಂಬತ್ತನೇ ಕ್ಲಾಸಲ್ಲಿದ್ದಾಗ, ಆಗಸ್ಟ್ ಹದಿನೈದಕ್ಕೆ. ಮೈಕ್ ಮುಂದೆ ನಿಂತು 'ನಮ್ಮಪ್ಪ ಕೋಪ ಮಾಡ್ಕೊಳ್ಳಲಿಲ್ಲ ಮಕ್ಕಳೇ' ಅಂದ್ರಿ. ಸ್ವಲ್ಪ ಹೊತ್ತು ಸುಮ್ಮನಿದ್ರಿ. ಆಮೇಲೆ 'ತಮ್ಮ ಬಾವಿ ತಾವೇ ತೋಡಿಕೊಂಡರು' ಅಂದ್ರಿ. ನಾವೆಲ್ಲ ಎಷ್ಟು ಚಪ್ಪಾಳೆ ಹೊಡೆದ್ವಿ! ಅವತ್ತೇ ಡೈರೀಲಿ ಬರ್ಕೊಂಡಿದ್ದೆ. ನನ್ನದು ಅಂತ ಒಂದು ಮಾತೂ ಸೇರಿಸಿಲ್ಲ ಮೇಡಂ. ಬಾವಿ ತೋಡಿ ಅನ್ನೋದೂ ನೀವು ಹೇಳಿದ್ದೇ."

ಕೆಳಗೆ ಅಂಗಡಿಯಲ್ಲಿ ಪದ್ಮಣ್ಣ ಯಾರಿಗೋ ಬೇಳೆ ತೂಗಿಕೊಡುತ್ತಿದ್ದ ಸದ್ದು ಕೇಳುತ್ತಿತ್ತು. ಲತಾಮಣಿ ತಣ್ಣಗಾದ ಕಾಫಿಯನ್ನು ಎತ್ತಿ ಒಂದೇ ಸಲಕ್ಕೆ ಕುಡಿದಳು.

ಕೆಲಸಕ್ಕೆ ಸೇರಿದ ಮೊದಲ ವರ್ಷ ಅವಳು ಆ ಕತೆಯನ್ನು ಇದ್ದ ಹಾಗೆಯೇ ಹೇಳಿದ್ದಳು. ಜಾತಿಯ ಹೆಸರು ಹೇಳಿ, ಏಟಿನ ವಿಷಯ ಹೇಳಿ. ಅಂದು ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿದ್ದವರು ಒಬ್ಬೊಬ್ಬರಾಗಿ ಡಬ್ಬಿ ಎತ್ತಿಕೊಂಡು, ಬಿಸಿಲು ಕಾಯುವ ನೆಪದಲ್ಲಿ ಹೊರಗೆ ಹೋದರು. ಆಗಿನ ಹೆಡ್‌ಮಾಸ್ಟರು ಕರೆದು ಬಹಳ ಮೃದುವಾಗಿ ಹೇಳಿದ್ದರು: "ಮಕ್ಕಳಿಗೆ ಸ್ವಲ್ಪ ಪಾಸಿಟಿವ್ ಆಗಿ ಹೇಳಿ ಮೇಡಂ." ಮರುವರ್ಷ ಅವಳು ಜಾತಿಯನ್ನು ಬಿಟ್ಟಳು. ಅದರ ಮರುವರ್ಷ ಏಟನ್ನು ಬಿಟ್ಟಳು. ಕೋಪವನ್ನು ಬಿಟ್ಟಿದ್ದು ಯಾವ ವರ್ಷವೋ ಅವಳಿಗೇ ನೆನಪಿರಲಿಲ್ಲ. ಚಪ್ಪಾಳೆ ಬಿದ್ದದ್ದು ಮಾತ್ರ ನೆನಪಿತ್ತು. ಬೆರಳಿಲ್ಲದ ಕೈ, ಮೂಗಿಲ್ಲದ ಮುಖ ಎಂದು ಈ ಹುಡುಗಿಯನ್ನು ಬೈಯಲು ಬಸ್ಸು ಹತ್ತಿ ಬಂದಿದ್ದಳಲ್ಲ.

"ಅದು ನಿಜ ಅಲ್ಲ ಕಣೇ ತ್ರಿಶಾ," ಎಂದಳು ಕೊನೆಗೆ. "ನಾನು ಹೇಳಿದ್ದು ನಿಜ ಅಲ್ಲ."

"ಹಾಗಾದ್ರೆ ನಿಜ ಏನು ಮೇಡಂ?"

"ನಾನು ಹೇಳಿದ್ರೆ ಮತ್ತೆ ಎಲ್ಲಾದ್ರೂ ಸವರಿಬಿಡ್ತೀನಿ. ಶನಿವಾರ ಮನೆಗೆ ಬಾ. ಅವರನ್ನೇ ಕೇಳು. ಟ್ಯಾಬ್ ತರಬೇಡ. ಪೇಪರು, ಪೆನ್ಸಿಲ್ಲು ಸಾಕು."

ಬಸ್ ಸ್ಟ್ಯಾಂಡಿನಲ್ಲಿ ನಿಂತೇ ಅವಳು ಚೇತನ್‌ಕುಮಾರರಿಗೆ ಫೋನು ಮಾಡಿದಳು.

"ಸಾರ್, ಗೋಡೆ ಮೇಲೆ ಆ ಚಿತ್ರ ಬೇಡ."

"ಯಾಕ್ರೀ ಮೇಡಂ? ಪೇಂಟ್ ತಂದಿಟ್ಟಾಗಿದೆ."

"ಅದರಲ್ಲಿರೋದು ನಮ್ಮಪ್ಪ ಅಲ್ಲ ಸಾರ್."

"ಓ, ಅದಾ? ಸ್ವಲ್ಪ ಕಪ್ಪಗೆ ಮಾಡ್ಸೋಣ ಬಿಡಿ."

"ಬಣ್ಣದ ಮಾತಲ್ಲ ಸಾರ್. ನಾನು ಇಷ್ಟು ವರ್ಷ ಮಕ್ಕಳಿಗೆ ಹೇಳಿದ ಕತೆ ಸುಳ್ಳು. ಬೇಕಾದ್ರೆ ವಾರ್ಷಿಕೋತ್ಸವದ ದಿನ ನಿಜಾನ ಹೇಳ್ತೀನಿ."

"ಬೇಡ ಮೇಡಂ. ಗೋಡೆಗೆ ಬೇರೆ ಏನಾದ್ರೂ ನೋಡ್ಕೋತೀವಿ," ಎಂದು ಅವರು ಫೋನಿಟ್ಟರು. ಮುಂದಿನ ದಿನಗಳಲ್ಲಿ ಸ್ಟಾಫ್ ರೂಮು ಹೇಗಿರುತ್ತದೆಂದು ಲತಾಮಣಿಗೆ ಗೊತ್ತಿತ್ತು.

ಅಂದು ರಾತ್ರಿ ಊಟಕ್ಕೆ ಬಡಿಸುವಾಗ ಹೇಳಿದಳು. "ಅಪ್ಪ, ನಿನಗೆ ಕೋಪ ಇರಲಿಲ್ಲ ಅಂತ ಹೇಳಿದ್ದು ಆ ಹುಡುಗಿ ಅಲ್ಲ. ನಾನು."

ಕೆಂಚಯ್ಯ ಮುದ್ದೆ ಮುರಿಯುತ್ತಿದ್ದವರು ತಲೆ ಎತ್ತಲಿಲ್ಲ. "ಗೊತ್ತಿತ್ತು ಬಿಡವ್ವ. ಅಲ್ಲಿ ನೀನು ಅನ್ನ ತಿನ್ಬೇಕಲ್ಲ, ಅವರ ಮಧ್ಯೆ ಕೂತ್ಕಂಡು."

ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು. ಸಾರು ತರುವ ನೆಪದಲ್ಲಿ ಅಡುಗೆಮನೆಗೆ ಹೋಗಿ ನಿಂತಳು.

ಶನಿವಾರ ಬೆಳಗ್ಗೆ ತ್ರಿಶಾ ಬಂದಳು. ಆ ಚಿತ್ರಕಥೆಯನ್ನು ತೆಗೆದುಹಾಕಿ ಬಂದಿದ್ದಳು. ಯಾರೂ ಹೇಳಿರಲಿಲ್ಲ, ಅವಳೂ ಅದನ್ನು ದೊಡ್ಡದು ಮಾಡಲಿಲ್ಲ. ಕೆಂಚಯ್ಯ ಗಡ್ಡ ಹೆರೆದು, ಬಿಳಿ ಅಂಗಿ ತೊಟ್ಟು, ಹೆಗಲ ಮೇಲೆ ಟವೆಲ್ಲು ಹಾಕಿಕೊಂಡು ವರಾಂಡದ ಕುರ್ಚಿಯಲ್ಲಿ ಕೂತರು. ತ್ರಿಶಾ ಎದುರಿಗೆ ನೆಲದ ಮೇಲೆ ಕೂತು ಹಲಗೆಗೆ ಹಾಳೆ ಸಿಕ್ಕಿಸಿದಳು.

"ಅಜ್ಜ, ನಿಮ್ಮ ಮುಖದಿಂದ ಶುರು ಮಾಡ್ಲಾ?"

"ನಂದ್ಯಾಕವ್ವ? ನಂದು ಇಲ್ಲೇ ಐತಲ್ಲ, ಯಾವಾಗ ಬೇಕಾದ್ರೂ ಬರಿ. ದೇವೀರಪ್ಪಂದು ಬರಿ. ಹಗ್ಗ ಕುಯ್ದೋನು. ಅವನ ಮುಖ ಈಗ ನನ್ನ ಬಿಟ್ರೆ ಯಾರಿಗೂ ಗೊತ್ತಿಲ್ಲ."

ಅವರು ಹೇಳಿದರು. ಹದಿನಾರರ ಹುಡುಗ, ಕೇರಿಯ ಗುಂಡಿಯಲ್ಲಿ ಕೆಸರು ಮಾತ್ರ ಉಳಿದಿದ್ದ ಬೇಸಿಗೆ. ಮಧ್ಯಾಹ್ನ ಯಾರೂ ಇಲ್ಲವೆಂದು ಊರ ಬಾವಿಗೆ ಕೊಡ ಇಳಿಸಿದ್ದು. ಹಿಂದಿನಿಂದ ಬಂದ ದೇವೀರಪ್ಪ ಕುಡುಗೋಲಿನಿಂದ ಹಗ್ಗ ಕತ್ತರಿಸಿದ್ದು, ಕೊಡ ಕೆಳಗೆ ನೀರಿಗೆ ಬಿದ್ದ ಶಬ್ದ. ಸಾಯಂಕಾಲ ಪಂಚಾಯ್ತಿ ಕಟ್ಟೆ.

"ನಮ್ಮಪ್ಪ ಹೆಗಲ ಮೇಲಿನ ಟವಲ್ಲ ಸೊಂಟಕ್ಕೆ ಸುತ್ಕಂಡು ಕೈ ಮುಗ್ದು ನಿಂತಿದ್ದ. ಅವರ ಮುಂದೆ ಹೆಗಲ ಮೇಲೆ ಹಾಕೋ ಹಂಗಿರ್ಲಿಲ್ಲ. ದೇವೀರಪ್ಪ ಏನೂ ಮಾತಾಡ್ಲಿಲ್ಲ. ಸುಮ್ನೆ ನೋಡ್ತಾ ಇದ್ದ. ಅವರು ಹೊಡುದ್ರೆ ಮಗ ಉಳಿಯಲ್ಲ ಅಂತ ನಮ್ಮಪ್ಪನೇ ಹೊಡ್ದ ನನ್ನ. ಹುಣಸೆ ಬರ್ಲಲ್ಲಿ. ಹೊಡೀತಾ ಅಳ್ತಿದ್ದ."

ಲತಾಮಣಿ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದಳು. ತಾತ ಅತ್ತದ್ದು ಅವಳಿಗೂ ಗೊತ್ತಿರಲಿಲ್ಲ.

"ಮೂರು ದಿನ ಬಿಟ್ಟು ಕೇರಿಯವರೆಲ್ಲ ಸೇರಿ ಬಾವಿಗೆ ಕೈ ಹಾಕಿದ್ವಿ. ಗುದ್ದಲಿ ಎತ್ತಿದಾಗೆಲ್ಲ ಆ ದೇವೀರಪ್ಪನ ಹೆಸರು ಹೇಳ್ತಿದ್ದೆ ನಾನು. ಬಾಯಲ್ಲಲ್ಲ, ಒಳಗೆ. ಕಲ್ಲು ಸಿಕ್ತು, ಆಗ್ಲೂ ಹೇಳ್ದೆ. ಕೋಪ ಇಲ್ದಿದ್ರೆ ಆ ಬಾವಿ ಆಗ್ತಿರ್ಲಿಲ್ಲ ಕಣವ್ವ. ನೀರು ಬಂತು. ಸವಳು ನೀರು. ಅದನ್ನೇ ಕುಡುದ್ವಿ."

ತ್ರಿಶಾಳ ಪೆನ್ಸಿಲ್ಲು ಹಾಳೆಯ ಮೇಲೆ ಕಾದಿತ್ತು. "ಹುಬ್ಬು ಹೇಗಿತ್ತು ಅಜ್ಜ?" ಎಂದಳು.

"ದಪ್ಪ. ಎರಡೂ ಸೇರ್ಕಂಡಿದ್ವು. ಮೂಗು ನೆಟ್ಟಗೆ. ಇಲ್ಲ, ಅಷ್ಟು ಉದ್ದ ಬೇಡ. ಸುಂದರವಾಗಿದ್ದ ಅವನು. ಕೆಟ್ಟೋನ ಥರ ಬರೀಬೇಡ. ನೋಡಿದ್ರೆ ಯಾರೂ ಕೆಟ್ಟೋನು ಅಂತಿರ್ಲಿಲ್ಲ."

ಅವಳು ಬರೆದಳು, ಅಳಿಸಿದಳು, ಮತ್ತೆ ಬರೆದಳು. ಕೆನ್ನೆಯ ಮೂಳೆ, ಕಿವಿಯ ಒಂಟಿ, ತುಟಿಯ ಒಂದು ಕೊನೆ ಮಾತ್ರ ಬಿಗಿದುಕೊಳ್ಳುತ್ತಿದ್ದ ರೀತಿ. ಕೆಂಚಯ್ಯ ಮುಂದೆ ಬಾಗಿ, "ಕಣ್ಣು ಇನ್ನೂ ಸ್ವಲ್ಪ ಚಿಕ್ಕದು" ಎಂದರು. ಬಿಸಿಲು ವರಾಂಡದ ಮೆಟ್ಟಿಲಿನಿಂದ ಅವರ ಪಾದದವರೆಗೆ ಸರಿದು ಬಂದಿತ್ತು. ಕೊನೆಗೆ ತ್ರಿಶಾ ಹಲಗೆಯನ್ನು ತಿರುಗಿಸಿ ಅವರ ಎದುರಿಗೆ ಹಿಡಿದಳು.

ಕೆಂಚಯ್ಯ ನೋಡಿದರು. ಅವರಿಗೇ ತಿಳಿಯದ ಹಾಗೆ ಬಲಗೈ ಮೇಲೆ ಹೋಗಿ ಹೆಗಲ ಮೇಲಿದ್ದ ಟವೆಲ್ಲನ್ನು ಹಿಡಿದು ಕೆಳಗೆ ಎಳೆಯಿತು. ಎದೆಯ ತನಕ ಬಂದ ಟವೆಲ್ಲು ಅಲ್ಲೇ ನಿಂತಿತು. ಅವರು ತಮ್ಮ ಕೈಯನ್ನು ನೋಡಿಕೊಂಡರು. ಆಮೇಲೆ, ಹಾಳೆಯ ಮೇಲಿನ ಕಣ್ಣುಗಳಿಂದ ಕಣ್ಣು ತೆಗೆಯದೆ, ಟವೆಲ್ಲನ್ನು ನಿಧಾನವಾಗಿ ಮೇಲೆತ್ತಿ, ಕೊಡವಿ, ಮಡಿಕೆ ಸರಿಮಾಡಿ ಹೆಗಲ ಮೇಲೆ ಹಾಕಿಕೊಂಡರು.