ಹೊಳೆಯಡಿಯ ಪೈಪು

ಕನ್ನಡಕ ಜಾರುತ್ತಿದೆ, ಇನ್ನೇನು ಬಿದ್ದೇಬಿಡುತ್ತದೆ, ಇಲ್ಲ, ಮಂಡಳಿಯ ಅಧ್ಯಕ್ಷರು ಒಂದು ಬೆರಳಲ್ಲಿ ಅದನ್ನು ಮೇಲಕ್ಕೆ ತಳ್ಳಿ ಮತ್ತೆ ಓದತೊಡಗಿದರು — ಬಳಕೆ ನಿಂತಿರುವ ಗ್ಯಾಸ್ ಪೈಪನ್ನು, ಅದು ಹೊಳೆ ದಾಟುವ ಜಾಗದಲ್ಲಿ, ತಳ ಅಗೆದು ಹೊರತೆಗೆಯಲು ಕಂಪನಿಯವರು ಕೋರಿರುವ ಅನುಮತಿಯನ್ನು — ಅಷ್ಟಕ್ಕೇ ನಿಲ್ಲಿಸಿ ಲೋಟ ಎತ್ತಿ ನೀರು ಕುಡಿದರು, ಅಯ್ಯೋ ಪುಣ್ಯಾತ್ಮ, ಬಾಯಾರುವುದಕ್ಕೆ ಇದೇ ಜಾಗ ಸಿಕ್ಕಿತೇ, ಇನ್ನು ಒಂದೇ ಒಂದು ಮಾತು ಬಾಕಿ ಇದೆ, ಅದನ್ನು ಆಡಿ ಆಮೇಲೆ ಬೇಕಾದರೆ ಇಡೀ ಹೊಳೆಯನ್ನೇ ಕುಡಿಯಿರಿ ಎಂದು ಅವಳು ಒಳಗೊಳಗೇ ಕೂಗುತ್ತಿದ್ದಾಳೆ, ಲೋಟ ಕೆಳಗಿಟ್ಟರು, ತುಟಿ ಒರೆಸಿಕೊಂಡರು, ನಿರಾಕರಿಸಲಾಗಿದೆ. ನಿರಾಕರಿಸಲಾಗಿದೆ! ಎಂಥ ಪದ, ಇಷ್ಟು ವರ್ಷ ಕಚೇರಿಯ ಕಾಗದದಲ್ಲಿ ಈ ಪದ ಕಂಡರೆ ಸಾಕು ಮೈ ಉರಿಯುತ್ತಿತ್ತು, ಅವಳ ರಜೆ, ಅವಳ ಬಡ್ತಿ, ಅವಳು ಕೇಳಿದ ಹೊಸ ಸೂಕ್ಷ್ಮದರ್ಶಕ, ಎಲ್ಲವನ್ನೂ ನುಂಗಿ ನೀರು ಕುಡಿದ ಪದ, ಇವತ್ತು ಅದೇ ಪದ ಕಿವಿಗೆ ಜೇನು ಹೊಯ್ದ ಹಾಗಿದೆ, ಕುರ್ಚಿ ಹತ್ತಿ ಕುಣಿಯೋಣ ಅನಿಸುತ್ತಿದೆ, ಆದರೆ ಪರಿಸರ ಪರಿಶೀಲನಾ ಕಚೇರಿಯ ಅಧಿಕಾರಿ ತುಂಬಿದ ಸಭೆಯಲ್ಲಿ ಕುಣಿಯುವ ಹಾಗಿಲ್ಲ, ಮೊಣಕಾಲೂ ಒಪ್ಪುವುದಿಲ್ಲ, ಅದಕ್ಕೇ ಚಪ್ಪಲಿಯೊಳಗೆ ಹೆಬ್ಬೆರಳು ಕುಣಿಸುತ್ತಿದ್ದಾಳೆ, ಕುಣಿಯಲಿ, ಅದಕ್ಕಾದರೂ ಸ್ವಾತಂತ್ರ್ಯವಿರಲಿ. ಮುಂದಿನ ಸಾಲಿನಲ್ಲಿ ಕಂಪನಿಯ ಎಂಜಿನಿಯರ್, ಟೈಗೆ ಹೊಳೆಯುವ ಪಿನ್ನು ಚುಚ್ಚಿಕೊಂಡು ಬರುವುದರಿಂದ ಅವಳ ಲೆಕ್ಕದಲ್ಲಿ ಅವನ ಹೆಸರೇ ಟೈಪಿನ್ನು, ಅವನ ಕುತ್ತಿಗೆ ಹಿಂದಿನಿಂದ ಕೆಂಪಗಾಗುತ್ತಿದೆ, ನೋಡುವುದಕ್ಕೆ ಎರಡು ಕಣ್ಣು ಸಾಲದು, ಮೇಡಂ, ನಮ್ಮ ಕಸ ನಾವೇ ಎತ್ಕೊಂಡು ಹೋಗ್ತೀವಿ ಅಂದ್ರೂ ಅಡ್ಡಗಾಲು ಹಾಕ್ತೀರಲ್ಲ, ನೀವು ಯಾರ ಕಡೆ ಹೇಳಿ ಅಂತ ಮೊದಲ ಸಭೆಯಲ್ಲೇ ನಗಾಡಿದ್ದ, ಎಲ್ಲರೂ ನಕ್ಕಿದ್ದರು, ಈಗ ನಗಪ್ಪಾ, ನಗು ನೋಡೋಣ. ಪಕ್ಕದಲ್ಲಿ ಅವಳ ಸಾಹೇಬರು ಏನೂ ಆಗದವರಂತೆ ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡುತ್ತಿದ್ದಾರೆ, ಆದರೆ ಬಾಯಿಯ ಒಂದು ಮೂಲೆ ಮೇಲಕ್ಕೆ ಹೋಗಿದೆ.

ಇದೇ ಸಾಹೇಬರು ಅವತ್ತು ತಲೆ ಚಚ್ಚಿಕೊಂಡಿದ್ದರು, ಅಲ್ಲಮ್ಮ, ಕಂಪನಿಯವರು ಕೀಳ್ತೀವಿ ಅಂತಾರೆ, ಊರವರು ಕೀಳಿ ಅಂತಾರೆ, ಗಂಡು ಹೆಣ್ಣು ಎರಡೂ ಕಡೆಯವರು ಒಪ್ಪಿದ ಮೇಲೆ ನಿಂದೇನಮ್ಮ ನಡುವೆ — ನಡುವೆ ಹೊಳೆ ಇದೆಯಲ್ಲ ಸಾರ್, ಅದನ್ನ ಯಾರೂ ಕೇಳಿಲ್ಲ ಅಂದಿದ್ದಳು, ಆ ಮಾತು ಬಾಯಿಂದ ಹೇಗೆ ಬಂತೋ, ಸಾಮಾನ್ಯವಾಗಿ ಅವಳಿಗೆ ಒಳ್ಳೆಯ ಉತ್ತರ ಹೊಳೆಯುವುದು ಮನೆಗೆ ಬಂದು ಪಾತ್ರೆ ತೊಳೆಯುವಾಗ. ಕಂಪನಿಗೆ ಕಿತ್ತುಹಾಕಿದರೆ ನಿರಾಳ, ಅಲ್ಲಿಗೆ ಕೈ ತೊಳೆದುಕೊಂಡ ಹಾಗೆ, ಇನ್ನು ಮುಂದೆ ಯಾರೂ ಅವರನ್ನು ಕರೆಯುವಂತಿಲ್ಲ, ಊರಿಗೂ ನಿರಾಳ, ಎಷ್ಟೋ ವರ್ಷದಿಂದ ಹೊಳೆಯಡಿ ಮಲಗಿರುವ ಪೀಡೆ ತೊಲಗಿತು ಅಂತ, ಆದರೆ ಪೈಪು ಇರುವುದು ಮರಳಿನ ಕೆಳಗೆ ಆಳದಲ್ಲಿ, ಒಳಗೆಲ್ಲ ತೊಳೆದು, ಸಿಮೆಂಟ್ ಗಾರೆ ತುಂಬಿ, ಎರಡು ತುದಿಯನ್ನೂ ಬೆಸುಗೆ ಹಾಕಿ ಮುಚ್ಚಿದರೆ ಅದು ತನ್ನ ಪಾಡಿಗೆ ತಾನು ಬಿದ್ದಿರುತ್ತದೆ, ಕೀಳಬೇಕು ಅಂದರೆ ಈ ದಡದಿಂದ ಆ ದಡಕ್ಕೆ ಹೊಳೆಯ ಹೊಟ್ಟೆಯನ್ನೇ ಸೀಳಬೇಕು, ಮತ್ತೆ ಆ ಹೊಟ್ಟೆಯಲ್ಲಿ ಕಪ್ಪೆಚಿಪ್ಪುಗಳಿವೆ — ಇವೆ ಎಂದು ಅವಳು, ಇಲ್ಲ ಎಂದು ಕಂಪನಿಯ ವರದಿ. ಚಿಪ್ಪಕ್ಕ ಅಂತ ಅವಳಿಗೆ ಕಚೇರಿಯಲ್ಲಿ ಅಡ್ಡಹೆಸರು, ಮೂರನೇ ಮಹಡಿಯ ಅವಳ ಕಿಟಕಿಯ ಕಟ್ಟೆಯ ಮೇಲೆಲ್ಲ ಗಾಜಿನ ಸೀಸೆ, ಸೀಸೆಯೊಳಗೆ ಚಿಪ್ಪು, ಇವಳನ್ನ ನಂಬ್ಕೊಂಡ್ರೆ ಕೊನೆಗೆ ನಮ್ಮ ಕೈಗೂ ಚಿಪ್ಪೇ ಗತಿ ಅಂತ ಟೈಪಿಸ್ಟ್ ತಮಾಷೆ ಮಾಡುತ್ತಿದ್ದಳು, ಮಾಡಲಿ, ಒಂದೊಂದು ಚಿಪ್ಪೂ ದಿನವಿಡೀ ನೀರು ಒಳಗೆಳೆದು, ಕೊಳೆ ಸೋಸಿ, ಹೊರಬಿಡುತ್ತದೆ, ಸಂಬಳ ಕೇಳದೆ, ರಜೆ ಕೇಳದೆ, ಊರಿನ ನಲ್ಲಿಯಲ್ಲಿ ಬರುವ ನೀರು ಕಣ್ಣೀರಿನಷ್ಟು ತಿಳಿ ಇರುವುದು ಯಾರ ದಯೆಯಿಂದ ಅಂದುಕೊಂಡಿದ್ದೀರಿ. ಕಂಪನಿಯ ವರದಿ ಸುಳ್ಳು ಬರೆದಿರಲಿಲ್ಲ, ಅದೇ ತಮಾಷೆ, ಅವರ ಮುಳುಗುಗಾರರು ನಿಜವಾಗಿಯೂ ಇಳಿದಿದ್ದರು, ನಿಜವಾಗಿಯೂ ತಡಕಾಡಿದ್ದರು, ಬರೀ ಮರಳನ್ನೇ ಕಂಡಿದ್ದರು, ಯಾಕೆಂದರೆ ಹೋಗಿದ್ದು ಚಳಿಗಾಲದಲ್ಲಿ, ಚಳಿಗಾಲದಲ್ಲಿ ಮೇಡಂ ನೀರು ಕನ್ನಡಿ ಇದ್ದ ಹಾಗಿರುತ್ತೆ, ಸೂಜಿ ಬಿದ್ರೂ ಕಾಣುತ್ತೆ ಅಂತ ಟೈಪಿನ್ನು ಎದೆ ಉಬ್ಬಿಸಿದ್ದ, ಕಾಣುತ್ತದಪ್ಪ, ಎಲ್ಲ ಕಾಣುತ್ತದೆ, ಆದರೆ ಚಳಿ ಬಿದ್ದ ಕೂಡಲೇ ಚಿಪ್ಪುಗಳು ಮರಳು ಹೊದ್ದು ಒಳಗೆ ಮಲಗುತ್ತವೆ, ಬಿಸಿಲು ಏರಿದ ಮೇಲೇ ಎದ್ದು ಬರುವುದು, ಮಲಗಿದವರ ಮನೆಗೆ ಹೋಗಿ ಬಾಗಿಲು ಬಡಿಯದೆ ಮನೆ ಖಾಲಿ ಇದೆ ಅಂತ ಬರೆದುಕೊಂಡು ಬಂದರೆ ಆಯಿತೇ. ಬೇಸಿಗೆಯಲ್ಲಿ ಮತ್ತೊಮ್ಮೆ ಇಳಿಸಿ ಎಂದು ಕೇಳಿದಳು, ಸಮಯವಿಲ್ಲ ಅಂದರು, ಹಾಗಾದರೆ ಆದೇಶಕ್ಕೆ ಮುಂಚೆ ಮಂಡಳಿಯವರೇ ಜಾಗಕ್ಕೆ ಬಂದು ನೋಡಲಿ, ನಿಯಮದಲ್ಲಿದೆ ಎಂದು ಪಟ್ಟು ಹಿಡಿದಳು, ಒಂದು ಸಲ ಜೀಪಿಲ್ಲ, ಒಂದು ಸಲ ತನಗೆ ಜ್ವರ — ಜ್ವರ ಸುಳ್ಳು, ಅದಕ್ಕೇನೂ ಬೇಸರವಿಲ್ಲ — ಹೀಗೆ ನೀರು ಬೆಚ್ಚಗಾಗುವವರೆಗೂ ಎಳೆದಳು, ಅವಳಂಥ ಸಾಧು ಪ್ರಾಣಿಯೊಳಗೆ ಇಷ್ಟು ಹಟ ಎಲ್ಲಿ ಅಡಗಿತ್ತೋ.

ಹೊರಗಿನವರು ಬೈದರೆ ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡಬಹುದು, ಮನೆಯೊಳಗೇ ಎದುರಾಳಿ ಇದ್ದರೆ ಏನು ಮಾಡುವುದು, ಅಲ್ಲಿ ಕೂತಿದ್ದಾಳೆ, ಆಚೆ ಸಾಲಿನ ತುದಿಯಲ್ಲಿ, ನೀಲಿ ಅಂಗಿ, ಬಿಗಿಯಾಗಿ ಕಟ್ಟಿದ ಕೂದಲು, ಮಡಿಲಲ್ಲಿ ದೋಣಿಮನೆಯ ಬೀಗದ ಕೈಗೊಂಚಲು, ಗಂಡನ ತಂಗಿ, ಹೊಳೆದಂಡೆಯಲ್ಲಿ ದೋಣಿ ಬಾಡಿಗೆಗೆ ಕೊಡುವವಳು, ಪೈಪು ಕೀಳಿಸಲೇಬೇಕು ಎಂದು ಊರನ್ನೆಲ್ಲ ಒಟ್ಟುಗೂಡಿಸಿದವಳು, ಕೆಳಗಿನ ಮನೆಯಲ್ಲಿ ಇವರು, ಮೇಲಿನ ಮನೆಯಲ್ಲಿ ಅವಳು, ನಡುವೆ ಒಂದು ಮೆಟ್ಟಿಲು, ಆ ಮೆಟ್ಟಿಲು ಇಳಿದು ದಿನಾ ಸಂಜೆ ಬರುತ್ತಿದ್ದಳು, ಅತ್ತಿಗೆ ಏನಿದೆ ತಿನ್ನೋಕೆ ಅಂತ ಡಬ್ಬಿಗಳ ಮುಚ್ಚಳ ಒಂದೊಂದಾಗಿ ತೆಗೆಯುತ್ತಿದ್ದಳು, ಬಂದ ಹೊಸತರಲ್ಲಿ ಇವಳಿಗೆ ಈಜು ಕಲಿಸಿದ್ದೂ ಅವಳೇ, ಹೆದರ್ಬೇಡ ಅತ್ತಿಗೆ, ಹೊಳೆ ಯಾರನ್ನೂ ಬೇಕಂತ ಮುಳುಗಿಸಲ್ಲ, ಕೈ ಬಿಡು ನೋಡೋಣ — ಮೊದಲ ಸಭೆ ಮುಗಿದ ದಿನದಿಂದ ಮೆಟ್ಟಿಲು ಖಾಲಿ. ಅವತ್ತು ಸಭೆಯಲ್ಲಿ ಎದ್ದು ನಿಂತು ಅಧಿಕಾರಿಗಳೇ, ಅಂದಳಲ್ಲ, ಅಧಿಕಾರಿಗಳೇ, ನೀವು ಫೈಲ್ ಮುಚ್ಚಿ ಮನೆಗೆ ಹೋಗ್ತೀರಿ, ನಾಳೆ ಪ್ರವಾಹ ಬಂದು ಮರಳು ಕೊಚ್ಕೊಂಡು ಹೋಗಿ ಆ ಪೈಪು ಬೆನ್ನು ತೋರ್ಸಿದ್ರೆ ನಮ್ಮ ದೋಣಿ ಸಿಕ್ಕೊಳ್ಳುತ್ತೆ, ಆಗ ಯಾರನ್ನ ಕೇಳೋಣ ನಾವು, ನಿಮ್ಮ ಚಿಪ್ಪುಗಳನ್ನಾ — ಚಪ್ಪಾಳೆ ಬಿತ್ತು, ಇವಳು ತಲೆ ತಗ್ಗಿಸಿದಳು, ಚಪ್ಪಾಳೆಗಲ್ಲ, ಅಧಿಕಾರಿಗಳೇ ಅಂದದ್ದಕ್ಕೆ, ನೀವು ಅಂದದ್ದಕ್ಕೆ. ಗಂಡ ಪಾಪ ಅಡಕತ್ತರಿಯಲ್ಲಿ ಸಿಕ್ಕ ಹಾಗೆ, ಎರಡೂ ಮನೇಲಿ ಊಟ ಮಾಡ್ತೀನಿ ಕಣೇ, ಎರಡೂ ಕಡೆ ಬೈಸ್ಕೋತೀನಿ, ಹೊಟ್ಟೆ ತುಂಬಿದ್ದಷ್ಟೇ ಲಾಭ, ನೀವಿಬ್ರೂ ಒಂದೇ ಹೊಳೆಗೆ ಬಡಿದಾಡ್ತಿದ್ದೀರಲ್ಲ ಅದು ಗೊತ್ತಾಗುತ್ತಾ ನಿಮಗೆ, ಅಂದ, ಗೊತ್ತು, ಗೊತ್ತಿದ್ದರಿಂದಲೇ ನೋವು, ಬೇರೆ ಯಾರಾದರೂ ಆಗಿದ್ದರೆ ಮರೆತು ನಿದ್ದೆ ಮಾಡುತ್ತಿದ್ದಳು, ಮೇಲೆ ಕುರ್ಚಿ ಎಳೆದ ಸದ್ದಾದರೂ ಕಿವಿ ನಿಮಿರುತ್ತಿತ್ತು, ಈಗ ಇಳಿದುಬರುತ್ತಾಳೆ, ಈಗ, ಊಹೂಂ.

ಷರತ್ತುಗಳು ಎಂದರು ಅಧ್ಯಕ್ಷರು, ಹಾಂ, ಇದನ್ನು ಕೇಳು ಹುಡುಗಿ, ಕಿವಿ ಇಟ್ಟು ಕೇಳು — ಪ್ರತಿ ಪ್ರವಾಹದ ನಂತರ ಕಂಪನಿಯೇ ಬಂದು ಪೈಪಿನ ಮೇಲಿನ ಮರಳಿನ ದಪ್ಪ ಅಳೆಯತಕ್ಕದ್ದು, ತೆಳುವಾಗಿದ್ದರೆ ತನ್ನ ಕೈಯಿಂದಲೇ ಸರಿಪಡಿಸತಕ್ಕದ್ದು, ಈ ಹೊಣೆಗೆ ಕೊನೆಯಿಲ್ಲ — ಕೊನೆಯಿಲ್ಲ! ಕೈ ತೊಳೆದುಕೊಳ್ಳಲು ಬಂದವರ ಕೈಗೆ ಹೊಳೆಯನ್ನೇ ಕಟ್ಟಿಹಾಕಿದ್ದಾಯಿತು, ಟೈಪಿನ್ನು ಟೈ ಸಡಿಲಿಸಿಕೊಂಡ, ಅದು ಮೊದಲ ಷರತ್ತು, ಅದನ್ನು ಅವಳೇ ಬರೆದು ಕಳಿಸಿದ್ದು, ಆದರೆ ಅದು ಅವಳದಲ್ಲ, ನಾದಿನಿಯ ಬೈಗುಳವನ್ನೇ ಕಚೇರಿಯ ಭಾಷೆಗೆ ತಿರುಗಿಸಿದ್ದು, ಅವಳು ಕೂಗಿದ್ದು ಸರಿಯಾಗಿಯೇ ಇತ್ತು, ಬೆನ್ನು ತೋರಿಸಿದರೆ ಯಾರನ್ನು ಕೇಳೋಣ, ಇವರನ್ನು ಕೇಳು, ಆಜೀವಪರ್ಯಂತ ಕೇಳು, ಹಿಡಿದು ಕೇಳು. ನೀಲಿ ಅಂಗಿ ಅಲುಗಲಿಲ್ಲ, ಕೇಳಿಸಿತೋ ಇಲ್ಲವೋ, ತನ್ನ ಮಾತು ಎಂದು ಗುರುತಾಯಿತೋ ಇಲ್ಲವೋ, ಅಧ್ಯಕ್ಷರು ಕಾಗದ ಮಡಚಿ, ಊರಿನ ಪರವಾಗಿ ಆಕ್ಷೇಪಣೆ ಇದ್ದರೆ ಈಗಲೇ ಹೇಳಬಹುದು ಎಂದರು, ಅಷ್ಟೇ, ಹೆಬ್ಬೆರಳ ಕುಣಿತ ನಿಂತಿತು. ಒಬ್ಬರು ಎದ್ದು ಇದೆ ಅಂದರೂ ಸಾಕು, ಇಡೀ ಕಡತ ಮೇಲಿನ ಮಂಡಳಿಗೆ ಹೋಗುತ್ತದೆ, ಅಲ್ಲಿ ಯಾರೂ ಹೊಳೆಗೆ ಬರುವುದಿಲ್ಲ, ಪ್ಯಾಂಟು ಮಡಚುವುದಿಲ್ಲ, ಕಾಗದ ನೋಡುತ್ತಾರೆ, ಕಾಗದದಲ್ಲಿ ಚಳಿಗಾಲದ ವರದಿ ಇದೆ, ಬರೀ ಮರಳು, ಅಗೆಯಿರಿ ಅನ್ನುತ್ತಾರೆ, ಗೆದ್ದದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ, ಊರಿನ ಪರವಾಗಿ ಮಾತಾಡುವವಳು ಒಬ್ಬಳೇ, ಸಭೆಯ ತಲೆಗಳೆಲ್ಲ ಅವಳ ಕಡೆ ತಿರುಗಿದವು, ಬೀಗದ ಕೈಗೊಂಚಲು ಝಣ್ ಅಂತು, ಎದ್ದಳು, ಎದ್ದೇಬಿಟ್ಟಳು.

ಮೊನ್ನೆಯೂ ಹೀಗೆಯೇ ಎದ್ದಿದ್ದಳು, ದಂಡೆಯ ಬಂಡೆಯ ಮೇಲಿಂದ, ಬಿಸಿಲು ನೆತ್ತಿಗೆ ಬಂದಿತ್ತು, ನೀರು ಇಳಿದು ಮೊಣಕಾಲಿನ ಕೆಳಗಿತ್ತು, ಮಂಡಳಿಯವರು ಕೊಡೆ ಹಿಡಿದು ನಿಂತಿದ್ದರು, ಇವಳು ದಂಡೆಯಂಚಿನ ನೀರಲ್ಲಿ ಒಬ್ಬಳೇ, ಒಳಗೊಳಗೇ ಹರಕೆ ಹೊರುತ್ತಿದ್ದಳು, ಯಾಕೆಂದರೆ ಇವಳೂ ಈ ಜಾಗದಲ್ಲಿ ಬದುಕಿರುವ ಚಿಪ್ಪು ಕಂಡವಳಲ್ಲ, ದಂಡೆಗೆ ಬಂದ ಸತ್ತ ಚಿಪ್ಪು ಕಂಡು, ಕೆಳಗಿನ ನೀರಿನ ತಿಳಿ ಕಂಡು, ಇರಲೇಬೇಕು ಎಂದು ಹಟ ಹಿಡಿದವಳು, ಎಲ್ಲಮ್ಮ ನಿನ್ನ ಚಿಪ್ಪು, ಎಂದು ಸಾಹೇಬರು ದಂಡೆಯಿಂದ ಕೂಗಿದರು, ಅವಳು ಬಾಯಿ ತೆರೆಯುವ ಮೊದಲೇ ನಾದಿನಿ, ನಾನು ತೋರಿಸ್ತೀನಿ ಬನ್ನಿ, ಹುಟ್ಟಿದಾಗಿಂದ ಇದೇ ಹೊಳೆ, ಇಲ್ಲಿ ಬರೀ ಮರಳು, ಕಣ್ಣು ಮುಚ್ಚಿ ನಡ್ಕೊಂಡು ಹೋಗ್ಬಹುದು, ಅಂದವಳೇ ಚಪ್ಪಲಿ ಬಿಟ್ಟು ಪ್ಯಾಂಟು ಮಡಚಿ ದಬದಬ ಇಳಿದಳು, ಒಂದು ಹೆಜ್ಜೆ, ಇನ್ನೊಂದು, ಸೊಕ್ಕಿನ ಹೆಜ್ಜೆ, ದೋಣಿಯಲ್ಲಿ ಮೇಲೆ ಮೇಲೆ ಓಡಾಡಿದವಳು, ಇಲ್ಲಿ ತಳ ಮುಟ್ಟಿದವಳಲ್ಲ, ಮತ್ತೊಂದು ಹೆಜ್ಜೆಗೆ ಕಾಲೆತ್ತಿದಳು, ಕೆಳಗೆ ನೋಡಿದಳು, ನಿಂತಳು. ಬೆನ್ನಿಗೇ ಹೋದ ಅತ್ತಿಗೆಯೂ ಬಗ್ಗಿ ನೋಡಿದಳು, ಅಬ್ಬಾ — ಮರಳೇ ಇರಲಿಲ್ಲ, ಒಂದಕ್ಕೊಂದು ಹೆಗಲು ತಾಗಿಸಿ ನಿಂತ ಚಿಪ್ಪುಗಳು, ಕಪ್ಪು, ಕಂದು, ಹಸಿರು, ಬಾಯಿ ತುಸುವೇ ತೆರೆದು ಹೊಳೆಯನ್ನು ಕುಡಿಯುತ್ತಿರುವ ಚಿಪ್ಪುಗಳು, ಕಣ್ಣು ಹೋದಷ್ಟು ದೂರ, ಕಾಲಿನ ನೆರಳು ಬಿದ್ದಲ್ಲಿ ಮೆಲ್ಲಗೆ ಬಾಯಿ ಮುಚ್ಚಿಕೊಳ್ಳುತ್ತಿದ್ದವು, ನೆರಳು ಅಲುಗಿದರೆ ಪಕ್ಕದವೂ ಮುಚ್ಚಿಕೊಳ್ಳುತ್ತಿದ್ದವು, ಕೂಗಬೇಕೆನಿಸಿತು, ಇವೆ, ಇವೆ, ಇವೆ, ನಾದಿನಿ ಎತ್ತಿದ ಕಾಲನ್ನು ಆ ಕಡೆ ಸರಿಸಿದಳು, ಈ ಕಡೆ ಸರಿಸಿದಳು, ಇಳಿಸಲಿಲ್ಲ, ಒಂಟಿಕಾಲಲ್ಲಿ ಓಲಾಡುತ್ತ ತಲೆ ಎತ್ತಿ, ಅತ್ತಿಗೆ, ಅಂದಳು, ಅತ್ತಿಗೆ, ಕಾಲೆಲ್ಲಿಡ್ಲಿ. ನನ್ನ ಹೆಗಲು ಹಿಡ್ಕೋ ಅಂದಳು ಇವಳು, ನಾದಿನಿ ಹಿಡಿದುಕೊಂಡಳು, ಬಂದ ಹೆಜ್ಜೆಯ ಗುರುತಿನಲ್ಲೇ ಹಿಂದೆ ಹಿಂದೆ ಹೋಗಿ ದಂಡೆ ಹತ್ತಿ, ಯಾರ ಮುಖವನ್ನೂ ನೋಡದೆ ದೋಣಿ ಬಿಚ್ಚಿಕೊಂಡು ಹೊರಟುಹೋದಳು, ಸಂಜೆ ಮೇಲಿನ ಮನೆಯಲ್ಲಿ ದೀಪ ಇತ್ತು, ಮೆಟ್ಟಿಲಲ್ಲಿ ಸದ್ದಿರಲಿಲ್ಲ, ನಿನ್ನೆಯೂ ಇರಲಿಲ್ಲ.

ಈಗ ಎದ್ದು ನಿಂತಿದ್ದಾಳೆ, ಹಿಂದಿನವರು ಹೇಳಮ್ಮಾ ಹೇಳು ಎಂದು ಹುರಿದುಂಬಿಸುತ್ತಿದ್ದಾರೆ, ಟೈಪಿನ್ನು ಆಸೆಗಣ್ಣಿನಿಂದ ತಿರುಗಿ ನೋಡುತ್ತಿದ್ದಾನೆ, ಹೇಳುತ್ತಾಳೆ, ಹೇಳಿದರೆ ಮುಗಿಯಿತು, ನಾದಿನಿ ಗಂಟಲು ಸರಿಮಾಡಿಕೊಂಡಳು, ನಮ್ಮದೇನೂ ಆಕ್ಷೇಪಣೆ ಇಲ್ಲ, ಅಂದಳು, ಯಾರೋ ಹಿಂದಿನಿಂದ ಏನಮ್ಮಾ ಇದು ಅಂದರು, ಅವರ ಕಡೆ ತಿರುಗಿ, ನಾನೇ ಇಳ್ದಿದ್ದೆ ಕಣ್ರೀ, ಮೊನ್ನೆ, ಕಾಲಿಡೋಕೆ ಜಾಗ ಇರ್ಲಿಲ್ಲ, ಅಂದಳು, ಕೂತಳು. ಅಷ್ಟೇ ಮಾತು. ಸಾಹೇಬರು ಇವಳ ಬೆನ್ನು ತಟ್ಟುತ್ತಿದ್ದಾರೆ, ಅಧ್ಯಕ್ಷರು ಮುದ್ರೆ ಒತ್ತುತ್ತಿದ್ದಾರೆ, ಧಡ್, ಧಡ್, ಗೆದ್ದಾಯಿತು, ಇನ್ನು ಯಾವ ಯಂತ್ರವೂ ಹೊಳೆಗಿಳಿಯುವುದಿಲ್ಲ, ಎದ್ದು ಕೈ ಮುಗಿಯಬೇಕು, ಆಚೆ ಸಾಲಿಗೆ ಹೋಗಬೇಕು, ಯಾರೋ ಅಭಿನಂದನೆ ಮೇಡಂ ಅನ್ನುತ್ತಿದ್ದಾರೆ, ಹೂಂ ಅನ್ನಬೇಕು, ಆದರೆ ಕಣ್ಣು ತುಂಬಿ ಸಭೆಯೆಲ್ಲ ನೀರಾಗಿದೆ, ನೀರಿನ ಮೇಲೆ ಕಾಲು, ಮೊಣಕಾಲಿನ ತನಕ ಮಡಚಿದ ಪ್ಯಾಂಟು, ಹಿಮ್ಮಡಿಯಿಂದ ಹನಿ, ಕೆಳಗೆ ಬಾಯಿ ಮುಚ್ಚುತ್ತಿರುವ ಅಷ್ಟೊಂದು ಜೀವ, ಆ ಕಾಲು, ಎತ್ತಿದ ಕಾಲು, ಇಳಿಯದ ಕಾಲು —